ಗೊಮ್ಮಟ ನಿಮಗೂ ನಗುತ್ತಾ ಕಾಣಿಸ್ತಾನಾ?

ತೆಂಗಿನತೋಟ:
ಆರನೇ ಕ್ಲಾಸಲ್ಲಿ ಟೂರ್ ಹೋದಾಗ ಶ್ರವಣಬೆಳಗೊಳದ ಗೊಮ್ಮಟ ನಗುತ್ತಾ ಕಾಣಿಸಿದ್ದ. ಮೇಷ್ಟ್ರು ಬಸ್ಸಲ್ಲೇ "ಮುಗುಳ್ನಗೆ ನೋಡ್ರೋ" ಅಂದಿದ್ದರು, ಅದಕ್ಕೇ ಇರಬಹುದು. ಹೋದ ತಿಂಗಳು ಮತ್ತೆ ಬೆಟ್ಟ ಹತ್ತಿದೆ. ಈ ನಡುವೆ ನಮ್ಮ ಮನೆಯಲ್ಲಿ ತೋಟ ಪಾಲಾಗಿದೆ, ಅಣ್ಣನ ಜೊತೆ ಮಾತು ಬಿಟ್ಟು ಎರಡು ವರ್ಷ ಆಯ್ತು. ಈ ಸಲ ನಗು ಕಾಣಲೇ ಇಲ್ಲ. ಜಗಳ ಗೆದ್ದ ಮೇಲೆ "ಅಯ್ಯೋ, ಇದಕ್ಕಾ ಇಷ್ಟೆಲ್ಲ" ಅನ್ನಿಸುತ್ತಲ್ಲ, ಆ ಥರದ ಸುಸ್ತು ಇತ್ತು ಮುಖದಲ್ಲಿ. ಸಾವಿರ ವರ್ಷದಿಂದ ಅದೇ ಕಲ್ಲು, ಅದೇ 58 ಅಡಿ. ಹಾಗಾದರೆ ಶಿಲ್ಪಿ ಕೆತ್ತಿದ್ದೇನು? ನಗುವನ್ನು ನಾವೇ ಕೆಳಗಿಂದ ಹೊತ್ತುಕೊಂಡು ಹೋಗುತ್ತೇವಾ?

ಕ್ಯಾಮೆರಾಕಣ್ಣು:
ಎಷ್ಟು ಗಂಟೆಗೆ ಹೋಗಿದ್ರಿ? ಮೂರ್ತಿಯ ಮುಖ ಉತ್ತರಕ್ಕಿದೆ. ಬೆಳಗ್ಗೆ ಬಲಗೆನ್ನೆಗೆ ಬೆಳಕು, ಸಂಜೆ ಎಡಗೆನ್ನೆಗೆ. ಮಧ್ಯಾಹ್ನ ಬಹಳಷ್ಟು ತಿಂಗಳು ಬಿಸಿಲು ಬೆನ್ನ ಕಡೆ, ಮುಖ ನೆರಳಲ್ಲಿ. ನನ್ನ ಹತ್ತಿರ ಒಂದೇ ದಿನದ ಎರಡು ಫೋಟೋ ಇವೆ, ಒಂದರಲ್ಲಿ ನಗು ಇದೆ, ಇನ್ನೊಂದರಲ್ಲಿ ಇಲ್ಲ. ಸುಮ್ನೆ ಎಲ್ಲದಕ್ಕೂ ಮನಸ್ಸನ್ನೇ ದೂರಬೇಡಿ. ಒಮ್ಮೆ ವೇಣೂರಿಗೆ ಹೋಗಿ. 1604ರ ಮೂರ್ತಿ, 35 ಅಡಿ, ಕೆನ್ನೆಯಲ್ಲಿ ಗುಳಿ ಬೇರೆ. ಅಲ್ಲೂ ನಗು ಕಾಣಲಿಲ್ಲ ಅಂದರೆ ನಾನಂತೂ ಒಪ್ಪಲ್ಲ.

ಅಜ್ಜಿಮೊಮ್ಮಗಳು:
ನಾವು ಜೈನರು. ನಮ್ಮಜ್ಜಿ ಆ ಮುಖದ ಬಗ್ಗೆ ಮಾತೇ ಆಡಿದವರಲ್ಲ, ಅವರಿಗೆ ಪಾದ ಸಾಕು. 2018ರ ಮಹಾಮಸ್ತಕಾಭಿಷೇಕದಲ್ಲಿ ಹಾಲು ಹಣೆಯಿಂದ ಮೂಗಿಗೆ, ಮೂಗಿಂದ ತುಟಿಗೆ ಇಳಿಯುವುದನ್ನು ನಾನು ಬಾಯಿಬಿಟ್ಟು ನೋಡುತ್ತಿದ್ದರೆ ಅಜ್ಜಿ ಕಣ್ಣು ಮುಚ್ಚಿ ಕೂತಿದ್ದರು!
ಅವರು ಹೇಳುವ ಕಥೆ ಹೀಗೆ. ಅಣ್ಣ ಭರತನನ್ನು ಮೂರು ಯುದ್ಧದಲ್ಲೂ ಸೋಲಿಸಿ, ಗೆದ್ದ ರಾಜ್ಯ ಅವನಿಗೇ ಬಿಟ್ಟು ಬಾಹುಬಲಿ, ಅಂದರೆ ಇದೇ ಗೊಮ್ಮಟ, ತಪಸ್ಸಿಗೆ ನಿಂತ. ವರ್ಷ ನಿಂತರೂ ಜ್ಞಾನ ಬರಲಿಲ್ಲ. "ನಿಂತಿರೋದು ಅಣ್ಣನ ನೆಲದ ಮೇಲೆ" ಅನ್ನುವ ಮುಳ್ಳು ಒಳಗೆ ಉಳಿದಿತ್ತಂತೆ. ಭರತನೇ ಬಂದು ಕೈಮುಗಿದ ಮೇಲೆ ಅದು ಹೋಯಿತು. ಶಿಲ್ಪಿ ಕೆತ್ತಿದ್ದು ಆ ಮುಳ್ಳು ಹೋಗುವ ಮುಂಚಿನ ಮುಖವಾ, ಆಮೇಲಿನದ್ದಾ? ನನಗೆ ಇವತ್ತಿಗೂ ಗೊಂದಲ. ನಿಮಗೆ ಕಂಡ ಸುಸ್ತು ತಪ್ಪು ಅಂತ ಹೇಗೆ ಹೇಳಲಿ?

ನೇರಮಾತು:
ಹಾಗಂತ ಏನು ಬೇಕಾದರೂ ಕಾಣಬಹುದಾ? ತೊಡೆ, ತೋಳಿಗೆ ಹಬ್ಬಿದ ಬಳ್ಳಿ, ಕಾಲ ಬಳಿ ಹುತ್ತ, ಅದರಿಂದ ಇಣುಕುವ ಹಾವು, ಇವೆಲ್ಲ ಕಲ್ಲಲ್ಲೇ ಇವೆ. ಅಷ್ಟು ಕಾಲ ಅಲ್ಲಾಡದೆ ನಿಂತವನು ಅಂತ ಶಿಲ್ಪಿ ಹೇಳಿಬಿಟ್ಟಿದ್ದಾನೆ. ಯಾರಾದರೂ ಕೋಪ ಕಂಡಿತು ಅಂದರೆ, ನೀನು ಸರಿಯಾಗಿ ನೋಡಿಲ್ಲ ಮಾರಾಯ ಅಂತೀನಿ. ನಗುವಾ ಸುಸ್ತಾ ಅನ್ನೋದು ಬೇರೆ, ಅಲ್ಲಿ ಜಗಳಕ್ಕೆ ಜಾಗ ಇದೆ. ಪಾದದ ಪಕ್ಕ ಚಾವುಂಡರಾಯ ಮಾಡಿಸಿದ ಅಂತ ಕೆತ್ತಿದ್ದಾರೆ, ನಗುತ್ತಿದ್ದಾನೆ ಅಂತ ಕೆತ್ತಿಲ್ಲವಲ್ಲ.

ತೆಂಗಿನತೋಟ:
ಮಧ್ಯಾಹ್ನ ಹನ್ನೆರಡೂವರೆ ಸರ್. ಸಾಕ್ಸ್ ಹಾಕಿದ್ದರೂ ಮೆಟ್ಟಿಲು ಕಾಲು ಸುಡುತ್ತಿತ್ತು, ಸುಸ್ತು ನಂದೇ ಇರಬಹುದು. ಆ ಅಣ್ಣನ ನೆಲದ ಕಥೆ ಗೊತ್ತಿರಲಿಲ್ಲ. ಮುಂದಿನ ಸಲ ಬೆಳಗ್ಗೆಯೇ ಹತ್ತುತ್ತೇನೆ. ಒಬ್ಬನೇ ಹೋಗ್ತೀನಾ ಅನ್ನೋದು ಇನ್ನೂ ಗೊತ್ತಿಲ್ಲ.