ದಿನಾ ಚಿತ್ರ ಬಿಡಿಸುವ ಅಭ್ಯಾಸ ಹದಿನೈದು ದಿನಕ್ಕೇ ನಿಂತುಹೋಗುತ್ತದೆ, ಏನು ಮಾಡಲಿ?

ತುಮಕೂರು ಪ್ಯಾಸೆಂಜರ್

ಎಲ್ಲರಿಗೂ ನಮಸ್ಕಾರ. ನನಗೆ 28 ವರ್ಷ. ಮನೆ ತುಮಕೂರಿನಲ್ಲಿ, ಕೆಲಸ ಯಶವಂತಪುರದ ಹತ್ತಿರ ಒಂದು ಆಫೀಸಿನ ಅಕೌಂಟ್ಸ್ ವಿಭಾಗದಲ್ಲಿ. ದಿನಾ ರೈಲಿನಲ್ಲೇ ಓಡಾಟ, ಹೋಗಿ ಬರೋದಕ್ಕೆ ಮೂರು ಗಂಟೆ ಹಿಡಿಯುತ್ತದೆ.

ಚಿಕ್ಕಂದಿನಿಂದ ಚಿತ್ರ ಅಂದರೆ ಪ್ರಾಣ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್ ಪರೀಕ್ಷೆ ಪಾಸು ಮಾಡಿದ್ದೆ, ಹೈಯರ್‌ಗೆ ಕಟ್ಟಲಿಲ್ಲ, ಆಮೇಲೆ ಪಿಯುಸಿ, ಬಿಕಾಂ, ಕೆಲಸ ಅಂತ ಅದು ಹಿಂದೆ ಬಿತ್ತು. ಎರಡು ವರ್ಷದಿಂದ ಮತ್ತೆ ಶುರು ಮಾಡಿದ್ದೇನೆ. ಮಕ್ಕಳ ಕಥೆ ಪುಸ್ತಕಗಳಿಗೆ ಚಿತ್ರ ಬರೆಯಬೇಕು ಅನ್ನೋದು ನನ್ನ ಆಸೆ.

ತೊಂದರೆ ಏನೆಂದರೆ, ಪ್ರತಿ ಸಲ ಜೋರಾಗಿ ಶುರು ಮಾಡುತ್ತೇನೆ. ಹೊಸ ಸ್ಕೆಚ್ ಬುಕ್ ತರುತ್ತೇನೆ. ರಾತ್ರಿ ಊಟ ಆದಮೇಲೆ ಒಂದು ಗಂಟೆ ಕೂರುತ್ತೇನೆ. ಹತ್ತು ಹದಿನೈದು ದಿನ ನಡೆಯುತ್ತದೆ, ಆಮೇಲೆ ಒಂದು ದಿನ ಸುಸ್ತಾಗಿ ತಪ್ಪುತ್ತದೆ, ಮಾರನೇ ದಿನ ಎರಡು ಚಿತ್ರ ಬಾಕಿ ಅನ್ನಿಸುತ್ತದೆ, ವಾರದ ಹೊತ್ತಿಗೆ ಪುಸ್ತಕ ತೆರೆಯೋಕೇ ಮನಸ್ಸು ಬರೋದಿಲ್ಲ. ಕಳೆದ ಅಕ್ಟೋಬರ್‌ನಲ್ಲಿ ದಿನಕ್ಕೊಂದು ಶಾಯಿ ಚಿತ್ರದ ಇಂಕ್‌ಟೋಬರ್ ಮಾಡಿದೆ. 12ನೇ ದಿನಕ್ಕೆ ನಿಂತಿತು.

ಇನ್ನೊಂದು ಇದಕ್ಕಿಂತ ಜಾಸ್ತಿ ಕಾಡುತ್ತದೆ. ಫೋನಿನಲ್ಲಿ ಒಂದು ಚಿತ್ರ ನೋಡಿಕೊಂಡು ಬಿಡಿಸಿದರೆ ಚೆನ್ನಾಗೇ ಬರುತ್ತದೆ. ಫೋನ್ ಪಕ್ಕಕ್ಕಿಟ್ಟರೆ ಏನೂ ಬರೋದಿಲ್ಲ. ಮೊನ್ನೆ ನಮ್ಮ ಅಜ್ಜಿ ಈಳಿಗೆಮಣೆ ಮುಂದೆ ಕೂತು ಹುರುಳಿಕಾಯಿ ಹೆಚ್ಚೋದನ್ನು ಬಿಡಿಸೋಣ ಅಂತ ಹೊರಟೆ. 28 ವರ್ಷ ದಿನಾ ನೋಡಿದ ದೃಶ್ಯ ಅದು. ಕಾಲು ಎಲ್ಲಿ ಮಡಚಿಕೊಳ್ಳುತ್ತದೆ ಅನ್ನೋದೇ ಗೊತ್ತಾಗಲಿಲ್ಲ. ತುಂಬಾ ಬೇಜಾರಾಯಿತು.

ಅಭ್ಯಾಸ ಉಳಿಸಿಕೊಳ್ಳೋದು ಹೇಗೆ? ನೋಡದೆ ಬಿಡಿಸೋ ಹಾಗೆ ಆಗೋದು ಹೇಗೆ? ಟ್ಯಾಬ್ಲೆಟ್ ತಗೊಂಡರೆ ಸುಲಭ ಆಗುತ್ತದಾ? ನನ್ನದೇ ಒಂದು ಶೈಲಿ ಇನ್ನೂ ಇಲ್ಲ, ಅದಕ್ಕೇನು ಮಾಡಬೇಕು?

ಶಾಯಿಬುಡ್ಡಿ

ನಿಮ್ಮ ಕೈಯಲ್ಲಿ ದಿನಾ ಮೂರು ಗಂಟೆ ರೈಲಿದೆ, ಮತ್ತೆ ನೀವು ರಾತ್ರಿ ಸುಸ್ತಾದ ಮೇಲೆ ಕೂರುತ್ತಿದ್ದೀರಿ! ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಾ ನನಗೆ 14 ವರ್ಷ ಆಯಿತು. ಮನೆಯ ಮೇಜಿನ ಮುಂದೆ ಕೂತರೆ ಅಷ್ಟು ಜನ ನನಗೆ ಸಿಗೋದಿಲ್ಲ. ಕಿಟಕಿಗೆ ತಲೆ ಒರಗಿಸಿದವರು, ಬಾಗಿಲಲ್ಲಿ ಕಂಬಿ ಹಿಡಿದು ನಿಂತವರು, ಚೀಲ ಮಡಿಲಲ್ಲಿಟ್ಟುಕೊಂಡು ಅದರ ಮೇಲೇ ಕೈ ಕಟ್ಟಿ ನಿದ್ದೆ ಹೋದವರು.

ದೊಡ್ಡ ಸ್ಕೆಚ್ ಬುಕ್ ಮನೆಯಲ್ಲಿಡಿ. ಶರ್ಟಿನ ಜೇಬಿಗೆ ಹಿಡಿಸೋ ನಾಲ್ಕು ಇಂಚು ಆರು ಇಂಚಿನ ಪುಸ್ತಕ ಸಾಕು. ಒಂದು ಬಾಲ್ ಪೆನ್. ಮೆಲ್ಲಗೆ ಆಡಿಸಿದರೆ ಪೆನ್ಸಿಲಿನ ಹಾಗೆ ತೆಳು ಗೆರೆ ಬರುತ್ತದೆ, ಒತ್ತಿದರೆ ಗಾಢ. ಅಳಿಸೋಕಾಗೋದಿಲ್ಲ, ಹಾಗಾಗಿ ಗೆರೆ ಎಳೆಯೋ ಮುಂಚೆ ಕಣ್ಣು ಸರಿಯಾಗಿ ನೋಡುತ್ತದೆ.

ಗಂಟೆ ನಿಮಿಷದ ಲೆಕ್ಕ ಬಿಟ್ಟುಬಿಡಿ. ಹಿರೇಹಳ್ಳಿಯಿಂದ ದಾಬಸ್‌ಪೇಟೆ ತನಕ ಬಿಡಿಸುತ್ತೇನೆ ಅಂತ ಇಟ್ಟುಕೊಳ್ಳಿ. ಹಿರೇಹಳ್ಳಿ ಬಂತು, ಪುಸ್ತಕ ಹೊರಗೆ. ದಾಬಸ್‌ಪೇಟೆ ಬಂತು, ಒಳಗೆ. ಇಷ್ಟ ಇದ್ದರೆ ಮುಂದುವರಿಸಿ, ಇಲ್ಲದಿದ್ದರೆ ಆವತ್ತಿನ ಕೆಲಸ ಮುಗಿಯಿತು. ಒಂದು ದಿನ ರಜೆ ಹಾಕಿದರೆ ಆ ದಿನ ರೈಲೂ ಇಲ್ಲ, ಚಿತ್ರವೂ ಇಲ್ಲ, ಬಾಕಿ ಅನ್ನೋ ಮಾತೇ ಬರೋದಿಲ್ಲ. ನಿಮ್ಮ ಅಭ್ಯಾಸ ಮುರಿದದ್ದು ಸೋಮಾರಿತನದಿಂದ ಅಂತ ನನಗೆ ಅನ್ನಿಸೋದಿಲ್ಲ, ಆ ಬಾಕಿ ಲೆಕ್ಕದಿಂದಲೇ ಅದು ಮುರಿದಿದೆ. ಬಿಡಿಸುತ್ತಿದ್ದವರು ಅರ್ಧದಲ್ಲೇ ಎದ್ದುಹೋದರೆ ಅರ್ಧ ಚಿತ್ರ ಹಾಗೇ ಇರಲಿ, ಅದೇ ಪುಟದಲ್ಲಿ ಇನ್ನೊಬ್ಬರನ್ನು ಶುರು ಮಾಡಿ. ಯಾರಾದರೂ ಮುಜುಗರಪಟ್ಟರೆ ನಿಲ್ಲಿಸಿಬಿಡಿ, ಮಕ್ಕಳನ್ನು ಬಿಡಿಸೋ ಮುಂಚೆ ಅಪ್ಪ ಅಮ್ಮನನ್ನು ಒಂದು ಮಾತು ಕೇಳಿ.

ಈಗ ಮುಖ್ಯ ವಿಷಯ. ಬೆಳಿಗ್ಗೆ ಎಡಗಡೆ ಪುಟದಲ್ಲಿ ಮಾತ್ರ ಬಿಡಿಸಿ. ಸಂಜೆ ವಾಪಸ್ ಬರುವಾಗ ಎಡ ಪುಟ ನೋಡದೆ, ಬೆಳಿಗ್ಗೆ ಬಿಡಿಸಿದವರಲ್ಲಿ ಒಬ್ಬರನ್ನು ಬಲಗಡೆ ಪುಟದಲ್ಲಿ ನೆನಪಿನಿಂದ ಬಿಡಿಸಿ. ಮೊದಮೊದಲು ಏನೂ ನೆನಪಿಗೆ ಬರೋದಿಲ್ಲ. ಗೊತ್ತಿಲ್ಲದ ಜಾಗ ಖಾಲಿ ಬಿಡಿ, ಊಹೆ ಮಾಡಿ ತುಂಬಬೇಡಿ. ಚೀಲದ ಹಿಡಿಯಲ್ಲಿ ಬೆರಳು ಹೇಗಿತ್ತು ಅಂತ ನೆನಪಾಗಲಿಲ್ಲ ಅಂದುಕೊಳ್ಳಿ. ಮಾರನೇ ದಿನ ನಿಮ್ಮ ಕಣ್ಣು ತಾನಾಗೇ ಚೀಲ ಹಿಡಿದ ಬೆರಳುಗಳ ಮೇಲೆ ಹೋಗುತ್ತದೆ. ಕಥೆಗೆ ಚಿತ್ರ ಬರೆಯೋರಿಗೆ ಬೇಕಾದ ಬಂಡವಾಳ ಇದೇ. ಕಥೆಯಲ್ಲಿ ಬರುವ ಅಜ್ಜಿ ನಿಮ್ಮ ಮುಂದೆ ಬಂದು ಕೂರೋದಿಲ್ಲ, ಅವಳು ನೆನಪಿನಿಂದಲೇ ಬರಬೇಕು. ಫೋನ್ ನೋಡಿ ಬಿಡಿಸಿದಾಗ ಬೇರೆ ಯಾರೋ ಆಗಲೇ ನೋಡಿ, ಆರಿಸಿ, ಚಪ್ಪಟೆ ಮಾಡಿಟ್ಟದ್ದನ್ನು ನೀವು ನಕಲು ಮಾಡುತ್ತೀರಿ. ಕೈಗೆ ಕೆಲಸ ಸಿಗುತ್ತದೆ, ನೆನಪಿಗೆ ಏನೂ ಸೇರೋದಿಲ್ಲ.

ಶೈಲಿಯ ಚಿಂತೆ ಈಗ ಬೇಡ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರನ್ನೇ ನೋಡಿ. ಮುಂಬೈಯ ಜೆ.ಜೆ. ಕಲಾಶಾಲೆ ಅವರಿಗೆ ಸೀಟು ಕೊಡಲಿಲ್ಲ. ಅವರು ಹುಡುಗನಾಗಿದ್ದಾಗ ಶುರು ಮಾಡಿದ ಕಾಗೆ ಚಿತ್ರಗಳನ್ನು ಹೆಸರು ಬಂದಮೇಲೂ ಬಿಡಲಿಲ್ಲ. ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಲಯ ಹಿಡಿಯೋಕೆ ಅಂತ ಕಥಕ್ ಕಲಿತರು. ಅವರ ನೃತ್ಯದ ಗೆರೆಚಿತ್ರಗಳನ್ನು ನೋಡಿದರೆ ಒಂದೇ ಗೆರೆ ಹೆಜ್ಜೆ ಹಾಕಿದ ಹಾಗಿರುತ್ತದೆ. ಇಬ್ಬರ ಗೆರೆಯೂ ಅವರು ಬಿಡದೆ ನೋಡಿದ್ದರಿಂದ ಬಂದದ್ದು.

ಟ್ಯಾಬ್ಲೆಟ್ ಈಗ ಬೇಡ. ಲ್ಯಾಪ್‌ಟಾಪ್ ಇದ್ದರೆ ಕ್ರಿಟಾ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಆಮೇಲೆ ನೋಡಿಕೊಳ್ಳಿ.

ಧಾರವಾಡದ ಡ್ರಾಯಿಂಗ್ ಮಾಸ್ತರ್

ಶಾಯಿಬುಡ್ಡಿ ಮೇಡಂ ಹೇಳಿದ್ದು ಖರೆ, ಆದರೆ ನನ್ನದೊಂದು ತಕರಾರು ಇದೆ. ದಿನಾ ಬಿಡಿಸಿದ ಮಾತ್ರಕ್ಕೆ ಚಿತ್ರ ಸುಧಾರಿಸೋದಿಲ್ಲ. 22 ವರ್ಷ ಹೈಸ್ಕೂಲಿನಲ್ಲಿ ಕಲಿಸಿದ್ದೇನೆ. ಎಂಟನೇ ಕ್ಲಾಸಿನಲ್ಲಿ ಬಾದಾಮಿ ಆಕಾರದ ಕಣ್ಣು ಬಿಡಿಸೋಕೆ ಕಲಿತ ಹುಡುಗ ಹತ್ತನೇ ಕ್ಲಾಸಿನ ತನಕ ಎಲ್ಲರಿಗೂ ಅದೇ ಕಣ್ಣು ಹಾಕಿದ್ದನ್ನು ನೋಡಿದ್ದೇನೆ. ದಿನಾ ಬಿಡಿಸುತ್ತಿದ್ದ. ತಪ್ಪು ಗಟ್ಟಿಯಾಯಿತು, ಅಷ್ಟೇ.

ಅದಕ್ಕೆ ತಮ್ಮಾ, ಭಾನುವಾರ ಅರ್ಧ ತಾಸು ವಾರದ ಪುಟಗಳನ್ನು ಮುಂದಿಟ್ಟುಕೊಂಡು ಕೂಡು. ಒಂದೇ ಒಂದು ತಪ್ಪು ಆರಿಸು. ಮುಂದಿನ ವಾರ ಅದರ ಮೇಲೆ ಮಾತ್ರ ಲಕ್ಷ್ಯ ಇರಲಿ. ಕೂತವರು ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತಾರೆ ಅಂದರೆ, ಮುಖದಿಂದ ಶುರು ಮಾಡಬೇಡ, ಭಾರ ಬೀಳೋ ಜಾಗದಿಂದ ಶುರು ಮಾಡು. ಮೊದಲು ಸೀಟಿನ ಗೆರೆ, ಅದರ ಮೇಲೆ ಸೊಂಟ, ಆಮೇಲೆ ಬೆನ್ನು, ಕಡೆಗೆ ತಲೆ.

ನಿನ್ನ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಈಳಿಗೆಮಣೆ ನೆಲಕ್ಕಿಟ್ಟು ನೀನೇ ಕೂತು ನೋಡು. ಒಂದು ಮಂಡಿ ಮೇಲೇಳುತ್ತದೆ, ಆ ಕಾಲಿನ ಪಾದ ಮಣೆಯನ್ನು ಒತ್ತಿ ಹಿಡಿಯುತ್ತದೆ. ಇನ್ನೊಂದು ಕಾಲು ನೆಲಕ್ಕೆ ಮಡಚಿಕೊಳ್ಳುತ್ತದೆ. ಎರಡೂ ಕೈ ಮುಂದೆ ಹೋದ ಕೂಡಲೇ ಬೆನ್ನು ಬಾಗುತ್ತದೆ. ಎಲ್ಲಿ ನೋವಾಯಿತೋ ಅಲ್ಲಿ ಭಾರ ಇದೆ ಅಂತ ತಿಳಿ. ಒಂದು ಸಲ ಮೈಗೆ ಗೊತ್ತಾದ ಭಂಗಿ ಕೈಗೆ ಬೇಗ ಬರುತ್ತದೆ. ಇನ್ನು, ಎದ್ದ ಮಂಡಿಗೂ ಹೊಟ್ಟೆಗೂ ನಡುವೆ ಒಂದು ಖಾಲಿ ತ್ರಿಕೋನ ಕಾಣುತ್ತದೆ, ನೋಡು. ಕಾಲು ಬಿಡಿಸಬೇಡ, ಆ ಖಾಲಿ ಜಾಗದ ಆಕಾರ ಬಿಡಿಸು. ಕಾಲು ತಾನೇ ಸರಿಯಾಗುತ್ತದೆ.

ವಾರಕ್ಕೆ ಎರಡು ದಿನ 30 ಸೆಕೆಂಡಿನ ಚಿತ್ರ ಮಾಡು. ಮೂಗು, ಬಾಯಿ, ಬಟ್ಟೆ ಯಾವುದೂ ಬೇಡ. ತಲೆಯಿಂದ ಹಿಮ್ಮಡಿ ತನಕ ಮೈ ಯಾವ ಕಡೆ ಹರಿಯುತ್ತದೆ ಅನ್ನೋದು ಒಂದೇ ಗೆರೆಯಲ್ಲಿ ಬರಲಿ. ನಿಲ್ದಾಣದಲ್ಲಿ ಇಳಿಯೋ ಹತ್ತೋ ಜನ ಇದಕ್ಕೆ ಛಲೋ. ನೆರಳು ಬೆಳಕಿಗೆ ಕಣ್ಣು ಅರ್ಧ ಮುಚ್ಚಿ ನೋಡು, ಮೂರೇ ಛಾಯೆ ಉಳಿಯುತ್ತವೆ, ಮೂರೇ ಹಾಕು.

ಶಿರಸಿ ಮಳೆ

ನನ್ನದು ಚಿಕ್ಕ ಮಾತು. ದಿನಾ ಬಿಡಿಸಿದ್ದನ್ನು ದಿನಾ ಇನ್‌ಸ್ಟಾಗ್ರಾಮ್‌ಗೆ ಹಾಕಬೇಡಿ. ನನಗೆ ಅದೇ ಮುಳುವಾಯಿತು. ಜನ ಇಷ್ಟಪಟ್ಟ ಹೂವು, ಯಕ್ಷಗಾನದ ಕಿರೀಟ ಇವನ್ನೇ ಮತ್ತೆ ಮತ್ತೆ ಬಿಡಿಸುತ್ತಾ ಹೋದೆ, ಬಾರದ ವಿಷಯದ ಹತ್ತಿರ ಹೋಗೋದನ್ನೇ ಬಿಟ್ಟೆ. ಈಗ ನಾನು, ನನ್ನ ಗೆಳತಿ ರಾತ್ರಿ ಮಲಗೋ ಮುಂಚೆ ಆ ದಿನದ ಪುಟದ ಫೋಟೋ ಒಬ್ಬರಿಗೊಬ್ಬರು ಕಳಿಸುತ್ತೇವೆ. ಹೊಗಳಿಕೆ, ಸಲಹೆ ಏನೂ ಇಲ್ಲ. ತಾರೀಕು ಮಾತ್ರ ಬರೆಯುತ್ತೇವೆ. ಎರಡು ಚಿಕ್ಕ ಮಕ್ಕಳನ್ನು ಇಟ್ಟುಕೊಂಡು ಮೂರು ವರ್ಷದಿಂದ ಇದು ನಡೆದಿದೆ. ಎಷ್ಟೋ ದಿನ ಎರಡೇ ಗೆರೆ ಇರುತ್ತದೆ. ಪುಸ್ತಕ ಯಾವಾಗಲೂ ಅಡುಗೆಮನೆ ಕಟ್ಟೆಯ ಮೇಲೆ ತೆರೆದೇ ಇರುತ್ತದೆ, ಹುಡುಕೋ ಕೆಲಸ ಇಲ್ಲ.

ತುಮಕೂರು ಪ್ಯಾಸೆಂಜರ್

ಏಳು ವಾರ ಆಯಿತು, ಬಂದು ಹೇಳಲೇಬೇಕು ಅನ್ನಿಸಿತು. 33 ಪುಟ ಆಗಿದೆ. ಹಿರೇಹಳ್ಳಿ ದಾಬಸ್‌ಪೇಟೆ ಲೆಕ್ಕ ನಿಜವಾಗಲೂ ನಿಂತಿದೆ, ಈಗ ಹಿರೇಹಳ್ಳಿ ಬಂದರೆ ಕೈ ತಾನಾಗೇ ಜೇಬಿಗೆ ಹೋಗುತ್ತದೆ. ಮೊದಲ ಎರಡು ವಾರ ಬಲಗಡೆ ಪುಟಗಳು ಹೆಚ್ಚುಕಡಿಮೆ ಖಾಲಿ. ಈಗ ಕಡಲೆಕಾಯಿ ಮಾರೋ ಒಬ್ಬರು ಪೊಟ್ಟಣ ಸುತ್ತುವಾಗ ಹೆಬ್ಬೆರಳು ಕಾಗದದ ಒಳಗೆ ಹೋಗೋದು ನೋಡದೇ ಬಿಡಿಸಿದೆ. ಮಾಸ್ತರ್ ಸರ್, ಈಳಿಗೆಮಣೆ ಮುಂದೆ ಕೂತೆ. ಎರಡೇ ನಿಮಿಷಕ್ಕೆ ಸೊಂಟ ಹಿಡಿಯಿತು, ಅಜ್ಜಿ ಪಕ್ಕದಲ್ಲಿ ನಿಂತು ಹೀಗಲ್ಲ ಹಾಗೆ ಅಂತ ತಿದ್ದಿದರು. ಚಿತ್ರ ಈಗ ಅವರ ರೂಮಿನಲ್ಲಿದೆ.

ಶಾಯಿಬುಡ್ಡಿ ಅಕ್ಕ, ಮುಂದೇನು? ಪ್ರಕಾಶಕರಿಗೆ ಏನು ತೋರಿಸಬೇಕು? ಈ ರೈಲಿನ ಚಿತ್ರಗಳನ್ನೇ ಕಳಿಸಬಹುದಾ?

ಶಾಯಿಬುಡ್ಡಿ

ಅಜ್ಜಿ ರೂಮಿನ ವಿಷಯ ಓದಿ ತುಂಬಾ ಖುಷಿಯಾಯಿತು.

ರೈಲಿನ ಪುಟಗಳಲ್ಲಿ ನಾಲ್ಕೈದು ಸೇರಿಸಿ, ಅಷ್ಟೇ. ಸಂಪಾದಕರು ಬೇರೆಯದನ್ನು ಹುಡುಕುತ್ತಾರೆ. ಒಂದೇ ಪಾತ್ರ ಹತ್ತು ಪುಟದಲ್ಲಿ ಬಂದರೂ ಅದೇ ಪಾತ್ರ ಅಂತ ಗೊತ್ತಾಗಬೇಕು, ನಗಲಿ, ಓಡಲಿ, ಬೆನ್ನು ತಿರುಗಿಸಲಿ. ಒಂಟಿ ಚಿತ್ರ ಚೆನ್ನಾಗಿ ಬಿಡಿಸೋರು ಬೇಕಾದಷ್ಟು ಜನ ಇದ್ದಾರೆ, ಇದು ಬರೋರು ಕಡಿಮೆ.

ಎಲ್ಲರಿಗೂ ಗೊತ್ತಿರೋ ಒಂದು ಕಥೆ ತಗೊಳ್ಳಿ. ಕಾಗಕ್ಕ ಗುಬ್ಬಕ್ಕನ ಕಥೆಯೇ ಇರಲಿ. ಕಾಗಕ್ಕನ ಸಗಣಿ ಮನೆ ಮಳೆಗೆ ಕರಗಿಹೋಗುತ್ತದೆ, ಅವಳು ಬಂದು ಗುಬ್ಬಕ್ಕನ ಬಾಗಿಲು ತಟ್ಟುತ್ತಾಳೆ. ಇದನ್ನು 12 ಪುಟಕ್ಕೆ ಹಂಚಿ. ಮೊದಲು ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕಗಳಲ್ಲಿ ಮಾಡಿ, ಎಲ್ಲವೂ ಒಂದೇ ಹಾಳೆಯಲ್ಲಿ ಕಾಣಲಿ. ಯಾವ ಗಳಿಗೆ ಬಿಡಿಸಬೇಕು ಅನ್ನೋದೇ ಇಲ್ಲಿನ ದೊಡ್ಡ ಕೆಲಸ. ಮನೆ ಕರಗೋದು ಎಲ್ಲರಿಗೂ ಹೊಳೆಯುತ್ತದೆ. ಬಾಗಿಲು ತೆರೆಯೋದಕ್ಕೆ ಮುಂಚೆ ಒದ್ದೆ ಕಾಗಕ್ಕ ಹೇಗೆ ನಿಂತಿರುತ್ತಾಳೆ? ರಾತ್ರಿ ಕೊನೇ ರೈಲು ತಪ್ಪಿದವರು ಪ್ಲಾಟ್‌ಫಾರಂನಲ್ಲಿ ನಿಂತದ್ದು ನೀವು ನೋಡಿರುತ್ತೀರಿ ಅಲ್ವಾ, ಆ ಹೆಗಲು ಕಾಗಕ್ಕನಿಗೆ ಕೊಡಿ. ಆ 33 ಪುಟ ಕೆಲಸಕ್ಕೆ ಬರೋದು ಇಲ್ಲಿ.

ಅಕ್ಷರಕ್ಕೆ ಜಾಗ ಬಿಡಿ. ಎರಡು ಪುಟ ಸೇರಿದ ಚಿತ್ರದಲ್ಲಿ ನಡು ಮಡಿಕೆಗೆ ಮುಖ ಬರದ ಹಾಗೆ ನೋಡಿಕೊಳ್ಳಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನೋ ವೆಬ್‌ಸೈಟಿನಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಮೊದಲ ಸಲ ಅಕ್ಷರ ಓದದೆ ಚಿತ್ರ ಮಾತ್ರ ನೋಡುತ್ತಾ ಹೋಗಿ. ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೂ ಬನ್ನಿ. ಕುಮಾರಕೃಪಾ ರಸ್ತೆ ತುಂಬಾ ಕಲಾವಿದರು ಕೂತಿರುತ್ತಾರೆ, ಕೇಳಿದರೆ ತಾವು ಹೇಗೆ ಮಾಡುತ್ತೇವೆ ಅಂತ ಮನಸ್ಸು ಬಿಚ್ಚಿ ಹೇಳುತ್ತಾರೆ.

ಒಂದು ಎಚ್ಚರಿಕೆ. ನನ್ನ ಮೊದಲ ಪುಸ್ತಕಕ್ಕೆ ಕರಾರು ಪತ್ರವೇ ಇರಲಿಲ್ಲ, ಎಲ್ಲಾ ಬಾಯಿಮಾತು. ಎರಡು ವರ್ಷದ ಮೇಲೆ ಅದೇ ಚಿತ್ರಗಳು ಕ್ಯಾಲೆಂಡರ್ ಆಗಿ ಬಂದವು, ನನಗೆ ಹೇಳಲೂ ಇಲ್ಲ. ಆಗ ಹುಡುಕಿ ತಿಳಿದುಕೊಂಡೆ. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ಬರೆದುಕೊಡೋದು ಕಾಗದದ ಮೇಲೆ, ಸಹಿ ಹಾಕಿಯೇ ಆಗಬೇಕು. ಎಷ್ಟು ವರ್ಷ ಅಂತ ಬರೆಯದಿದ್ದರೆ ಐದು ವರ್ಷ ಅಂತ ಅರ್ಥ. ಯಾವ ಊರು ದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಎಷ್ಟೇ ಚಿಕ್ಕ ಕೆಲಸ ಆದರೂ ಯಾವ ಪುಸ್ತಕಕ್ಕೆ, ಎಷ್ಟು ವರ್ಷಕ್ಕೆ, ಎಷ್ಟು ಸಲ ತಿದ್ದಿಕೊಡಬೇಕು, ದುಡ್ಡು ಯಾವಾಗ, ಇಷ್ಟನ್ನು ಬರೆಸಿಕೊಳ್ಳಿ.

ತುಮಕೂರು ಪ್ಯಾಸೆಂಜರ್

12 ಚೌಕ ಮಾಡಿದೆ. ಬಾಗಿಲ ಮುಂದೆ ನಿಂತ ಕಾಗಕ್ಕ ಮಾತ್ರ ಎಷ್ಟು ಸಲ ಬಿಡಿಸಿದರೂ ಕೋಳಿ ಹಾಗೆ ಕಾಣುತ್ತಾಳೆ. ಚಿಕ್ಕಬಾಣಾವರದಲ್ಲಿ ಕಾಗೆ ನೋಡಿ ಬಿಡಿಸಿದಾಗ ಸರಿ ಬಂದಿತ್ತು. ಕಾಲಲ್ಲಿ ಏನೋ ತಪ್ಪಾಗುತ್ತಿದೆ.

ಧಾರವಾಡದ ಡ್ರಾಯಿಂಗ್ ಮಾಸ್ತರ್

ಮಂಡಿ ತಪ್ಪು ಜಾಗದಲ್ಲಿ ಹಾಕುತ್ತಿರಬೇಕು. ಹಕ್ಕಿಯ ಕಾಲು ಹಿಂದಕ್ಕೆ ಮಡಚಿದ ಹಾಗೆ ಕಾಣೋ ಗಂಟು ಇದೆಯಲ್ಲ, ಅದು ಮಂಡಿ ಅಲ್ಲ ತಮ್ಮಾ, ಹಿಮ್ಮಡಿಯ ಕೀಲು. ನಿಜವಾದ ಮಂಡಿ ಹೊಟ್ಟೆ ಹತ್ತಿರ ಪುಕ್ಕದ ಒಳಗೆ ಅಡಗಿರುತ್ತದೆ, ಮುಂದಕ್ಕೇ ಮಡಚುತ್ತದೆ. ಅಂದರೆ ಕಾಗೆ ಯಾವಾಗಲೂ ತುದಿಗಾಲಲ್ಲೇ ನಿಂತಿರುತ್ತದೆ. ನೀನು ಒಮ್ಮೆ ಮಂಡಿ ಬಗ್ಗಿಸಿ ತುದಿಗಾಲಲ್ಲಿ ನಿಂತು ನೋಡು, ಮೈಭಾರ ಎಲ್ಲಿ ಬೀಳುತ್ತದೆ ಗೊತ್ತಾಗುತ್ತದೆ. ಕಾಗೆಯ ಹೊಟ್ಟೆ ಸರಿಯಾಗಿ ಪಾದದ ಮೇಲೆ ಬರಬೇಕು, ಹಿಂದಕ್ಕೆ ಸರಿದರೆ ಕೋಳಿ ಆಗುತ್ತದೆ. ಮತ್ತೆ ನಮ್ಮ ಊರ ಕಾಗೆಗೆ ಕುತ್ತಿಗೆ ಬೂದು ಬಣ್ಣ, ಪೂರ್ತಿ ಕಪ್ಪು ಇರೋದು ಕಾಡುಕಾಗೆ. ನಿನ್ನ ಕಾಗಕ್ಕ ಯಾರು ಅಂತ ಮೊದಲು ಗಟ್ಟಿ ಮಾಡಿಕೋ, 12 ಪುಟದಲ್ಲೂ ಅದೇ ಕುತ್ತಿಗೆ ಬರಬೇಕಲ್ಲ.