ವಾರ್ಡಿನ ಇಂಗ್ಲಿಷ್ ಬಗ್ಗೆ ಅಕ್ಕನ ಮಗಳಿಗೆ ಉತ್ತರ

ಮಗಳೇ, ನಿನ್ನೆ ರಾತ್ರಿ ಮನೆಯವರ ಗುಂಪಿನಲ್ಲಿ ನೀನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿಗೆ ನರ್ಸ್ ಆಗಿ ಹೋಗಿದ್ದರೂ ವಾರ್ಡಿನ ಹಿರಿಯ ರೋಗಿಗಳ ಮಾತು ಅರ್ಥವಾಗುತ್ತಿಲ್ಲ, ಅರ್ಥವಾದಂತೆ ತಲೆಯಾಡಿಸಿ ಬರುತ್ತಿದ್ದೇನೆ ಎಂದಿದ್ದೀಯ. ಅಕ್ಕ, ಭಾವ, ನೀವು ಗಾಬರಿಯಾಗಬೇಡಿ. ಕೇರಳದಿಂದಲೋ ಮಂಗಳೂರಿನಿಂದಲೋ ಅಲ್ಲಿಗೆ ಹೋದ ನರ್ಸ್‌ಗಳಿಗೆಲ್ಲ ಮೊದಲು ಹೀಗೇ ಆಗುತ್ತದೆ. ಪಕ್ಕದ ಡರ್ಬಿಯಲ್ಲಿ ಕೆಲಸ ಮಾಡಿದವಳಾಗಿ ನಾನು ಕೇಳಿಕೊಳ್ಳುವುದು ಒಂದೇ: ತಲೆಯಾಡಿಸುವುದನ್ನು ಇಂದೇ ಬಿಡು.

ಎಲ್ಲ ಮಾತಿನ ಹಿಂದೆಯೂ ಬೀಳಬೇಕಾಗಿಲ್ಲ. ಎದುರು ಸಿಕ್ಕವರು "ಆಲ್ ರೈಟ್?" ಎಂದು ಕೇಳಿ ಉತ್ತರಕ್ಕೆ ಕಾಯದೆ ಮುಂದೆ ಹೋದರೆ ನಿನ್ನನ್ನು ಕಡೆಗಣಿಸಿದರು ಎಂದು ನೊಂದುಕೊಳ್ಳಬೇಡ, ಅದು ಬರಿಯ ನಮಸ್ಕಾರ, "ಯಾ, ಯೂ?" ಎಂದರೆ ಸಾಕು. "ಏ ಅಪ್, ಮಿ ಡಕ್" ಎನ್ನುವುದು ಆ ಸೀಮೆಯವರು ಪರಿಚಯವಿಲ್ಲದವರನ್ನೂ ಪ್ರೀತಿಯಿಂದ ಮಾತನಾಡಿಸುವ ರೀತಿ. "ಟಾ" ಎಂದರೂ "ಚಿಯರ್ಸ್" ಎಂದರೂ ಧನ್ಯವಾದವೇ. ಇವು ಕಿವಿಗೆ ಬೀಳುತ್ತಾ ಬೀಳುತ್ತಾ ತಾವಾಗಿ ಬರುತ್ತವೆ.

ಆದರೆ ಮೈಗೆ ಸಂಬಂಧಿಸಿದ ಮಾತು ಬಂದರೆ ಅಲ್ಲೇ ನಿಲ್ಲು. ನಮ್ಮಲ್ಲಿ ಅಜ್ಜಿಯರು "ಒಂದಕ್ಕೆ ಹೋಗಬೇಕು" ಎನ್ನುವ ಹಾಗೆ ಅಲ್ಲಿನ ಅಜ್ಜಿಯರು "ಸ್ಪೆಂಡ್ ಎ ಪೆನಿ" ಎನ್ನುತ್ತಾರೆ. ಸಾರ್ವಜನಿಕ ಶೌಚಾಲಯದ ಬಾಗಿಲಿಗೆ ಒಂದು ಪೆನಿ ಹಾಕಬೇಕಾಗಿದ್ದ ಕಾಲದ ಮಾತದು. ಅದು ತಿಳಿಯದೆ ನೀನು ನಕ್ಕು ಮುಂದೆ ಹೋದರೆ, ಸೊಂಟದ ಶಸ್ತ್ರಚಿಕಿತ್ಸೆಯಾದವರು ಒಬ್ಬರೇ ಎದ್ದು ಹೋಗಲು ನೋಡಿ ಬೀಳಬಹುದು. "ವಾಟರ್‌ವರ್ಕ್ಸ್" ಸರಿಯಿಲ್ಲ ಎಂದರೆ ಮೂತ್ರದ ತೊಂದರೆ. "ಪೂರ್ಲಿ" ಎಂದರೆ ಮೈ ಹುಷಾರಿಲ್ಲ. "ಐ ಹ್ಯಾವ್ ಬೀನ್ ಸಿಕ್" ಎಂದಾಗ ನಾವು ಕಾಯಿಲೆಯಾಗಿತ್ತು ಎಂದುಕೊಳ್ಳುತ್ತೇವೆ, ಆದರೆ ಅವರು ಸಾಮಾನ್ಯವಾಗಿ ಹೇಳುತ್ತಿರುವುದು ವಾಂತಿಯಾಯಿತು ಎಂದು. ಎಷ್ಟು ಸಲ, ಯಾವ ಬಣ್ಣ ಎಂದು ಕೇಳಿ ಚಾರ್ಟಿನಲ್ಲಿ ಬರೆಯಬೇಕಾದ ಸಂಗತಿ ಅದು. "ಐ ಹ್ಯಾವ್ ಕಮ್ ಓವರ್ ಆಲ್ ಫನಿ" ಎಂದರೆ ಇದ್ದಕ್ಕಿದ್ದಂತೆ ತಲೆ ಸುತ್ತಿದ ಹಾಗೆ, ಏನೋ ಒಂದು ಥರ ಆಗುತ್ತಿದೆ ಎಂದು. ಹಾಗೆಂದವರನ್ನು ಮೊದಲು ಕೂರಿಸು, ಬಿಪಿ ಮತ್ತು ಶುಗರ್ ನೋಡು, ಉಳಿದ ಮಾತು ಆಮೇಲೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾಗಿರುವುದು "ಟೀ" ಎಂಬ ಮಾತಿನಲ್ಲಿ. ಆ ಭಾಗದಲ್ಲಿ ಹಲವರು ಮಧ್ಯಾಹ್ನದ ಊಟಕ್ಕೆ ಡಿನ್ನರ್ ಎಂದೂ ಸಂಜೆಯ ಊಟಕ್ಕೆ ಟೀ ಎಂದೂ ಹೇಳುತ್ತಾರೆ. ಇನ್ಸುಲಿನ್ ತೆಗೆದುಕೊಂಡ ರೋಗಿಯೊಬ್ಬರು ಸಂಜೆ ಏಳಕ್ಕೆ "ಐ ಡಿಡ್ ನಾಟ್ ಫ್ಯಾನ್ಸಿ ಮೈ ಟೀ" ಎಂದರು ಎಂದುಕೋ. ಒಂದು ಕಪ್ ಚಹಾ ಬೇಡವಾಯಿತು ಎಂದು ನೀನು ಭಾವಿಸಿದರೆ, ಅವರ ಹೊಟ್ಟೆಯಲ್ಲಿ ಊಟವೇ ಇಲ್ಲ ಎಂಬುದು ನಿನಗೆ ತಿಳಿಯುವುದಿಲ್ಲ, ಅಷ್ಟರಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಟ್ರೇ ಎತ್ತಿಕೊಂಡು ಹೋಗುವ ಮೊದಲು ತಟ್ಟೆಯನ್ನು ಕಣ್ಣಾರೆ ನೋಡುವ ಅಭ್ಯಾಸವನ್ನು ನಾನು ಬೆಳೆಸಿಕೊಂಡದ್ದು ಇದೇ ಕಾರಣಕ್ಕೆ, ನೀನೂ ಹಾಗೆಯೇ ಮಾಡು.

ಇನ್ನೊಂದು ವಿಷಯ, ಆ ತಲೆಮಾರಿನ ಜನ ನೋವನ್ನು ಕುಗ್ಗಿಸಿ ಹೇಳುತ್ತಾರೆ. "ನಾಟ್ ಟೂ ಬ್ಯಾಡ್", "ಮಸ್ಟ್ ನಾಟ್ ಗ್ರಂಬಲ್" ಎಂದು ನಗುತ್ತಲೇ ಹೇಳುವವರ ಕೈ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಆ ಕೈಯನ್ನು ನೋಡು. ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟು, ಸುಮ್ಮನೆ ಮಲಗಿದಾಗ ಎಷ್ಟು, ಕೆಮ್ಮಿದಾಗ ಎಷ್ಟು ಎಂದು ಬಿಡಿಸಿ ಕೇಳು. ಮಾತಿನಲ್ಲಿ ಮುಚ್ಚಿಟ್ಟದ್ದನ್ನು ಸಂಖ್ಯೆಯಲ್ಲಿ ಹೇಳಿಬಿಡುವವರು ಬಹಳ ಮಂದಿ. ತಿಳಿಯದ ಮಾತು ಬಂದಾಗ "ಕ್ಯಾನ್ ಯು ಶೋ ಮಿ ವೇರ್?" ಎಂದು ಕೇಳುವುದರಲ್ಲಿ ಯಾವ ಅವಮಾನವೂ ಇಲ್ಲ. ಅವರು ಆಡಿದ ಮಾತನ್ನು ಹಾಗೆಯೇ ಉದ್ಧರಣ ಚಿಹ್ನೆಯೊಳಗೆ ಬರೆದು, ನೀನು ವಿಚಾರಿಸಿ ತಿಳಿದದ್ದನ್ನು ಅದರ ಕೆಳಗೆ ಬರೆ.

ಸಹೋದ್ಯೋಗಿಗಳ ವಿಷಯದಲ್ಲಿ ಎರಡು ಮಾತು ಸಾಕು. "ಹಾಫ್ ಸೆವೆನ್" ಎಂದರೆ ಏಳೂವರೆ, ಆರೂವರೆಯಲ್ಲ. ವಾರ್ಡಿನ ಸಿಸ್ಟರ್, ಅಂದರೆ ಅಲ್ಲಿನ ಹೊಣೆ ಹೊತ್ತ ಹಿರಿಯ ನರ್ಸ್, "ಯು ಮೈಟ್ ವಾಂಟ್ ಟು ಚೆಕ್ ಬೆಡ್ ಫೋರ್" ಎಂದರೆ ಅದು ನಿನ್ನ ಇಷ್ಟಕ್ಕೆ ಬಿಟ್ಟ ಸಲಹೆಯಲ್ಲ, ಈಗಲೇ ಹೋಗಿ ನೋಡು ಎಂಬ ಸೂಚನೆ. ಮೆತ್ತಗೆ ಹೇಳಿದರೆಂದು ಕೈಯಲ್ಲಿರುವ ಕೆಲಸ ಮುಗಿಸಿ ಹೋಗೋಣ ಎಂದುಕೊಳ್ಳಬೇಡ.

ನಾಡಿದ್ದು ರಾತ್ರಿ ಪಾಳಿ ಎಂದಿದ್ದೀಯ. ಅದಕ್ಕೆ ಮೊದಲು ಬಿಡುವಾದರೆ ಇನ್ನೂ ಅರ್ಥವಾಗದೆ ಉಳಿದ ಮಾತುಗಳನ್ನು ನನಗೆ ಪ್ರತ್ಯೇಕವಾಗಿ ಕಳಿಸು. ರೋಗಿಯ ಹೆಸರು, ಮಂಚದ ಸಂಖ್ಯೆ ಯಾವುದೂ ಅದರಲ್ಲಿ ಇರಬಾರದು.