ಓಡುತ್ತಿರುವ ಹೈವೇ ಹತ್ತೋಕೂ ಸಿಗ್ನಲ್ ಯಾಕೆ?

ಜೇವರ್ಗಿ ರಸ್ತೆಯವ:
ಮಗನ ಮನೆಯಲ್ಲಿ ಮೂರು ತಿಂಗಳಿದ್ದು ಮೊನ್ನೆ ಅಮೆರಿಕದ ಮಿನಿಯಾಪೊಲಿಸ್‌ನಿಂದ ಕಲಬುರಗಿಗೆ ಬಂದೆ. ಅಲ್ಲಿಯ ಒಂದು ವಿಷಯ ಮಾತ್ರ ತಲೆಗೆ ಹತ್ತಲಿಲ್ಲ. ಮಗ ದಿನಾ ಬೆಳಿಗ್ಗೆ ಫ್ರೀವೇ (ನಡುವೆ ಅಡ್ಡರಸ್ತೆ, ಸಿಗ್ನಲ್ ಇಲ್ಲದ ಹೈವೇ) ಹತ್ತುವ ರ‍್ಯಾಂಪ್ ಮೇಲೆ ಒಂದು ಸಿಗ್ನಲ್ ಇದೆ. ಹಸಿರು ಬಿದ್ದರೆ ಒಂದೇ ಕಾರು, ತಕ್ಷಣ ಮತ್ತೆ ಕೆಂಪು. ಮುಂದೆ ನೋಡಿದರೆ ಫ್ರೀವೇ ಮೇಲೆ ಗಾಡಿಗಳು ಸಲೀಸಾಗಿ ಓಡುತ್ತಿವೆ. "ಓಡೋ ರಸ್ತೆಗೆ ಯಾಕಪ್ಪ ಅಡ್ಡಗಾಲು?" ಅಂದೆ. "ನಾವು ಇಲ್ಲಿ ನಿಂತಿದ್ದಕ್ಕೇ ಅದು ಓಡ್ತಿದೆ" ಅಂದ. ನನಗೇನೋ ಪೂರ್ತಿ ನಂಬಿಕೆ ಬರಲಿಲ್ಲ. ನಿಜ ಆದರೆ ನಮ್ಮ ರಿಂಗ್ ರೋಡಿಗೂ ಹಾಕಬಹುದಲ್ವಾ? ಸಂಜೆ ರಾಮಮಂದಿರ ಸರ್ಕಲ್ ದಾಟುವಷ್ಟರಲ್ಲಿ ಜೀವ ಬೇಸರಾಗುತ್ತದೆ.

ಹಳೇ ಸಿವಿಲ್:
ಮಗ ಹೇಳಿದ್ದು ಸರಿ ಸರ್. ಫ್ರೀವೇಯ ಒಂದು ಲೇನ್‌ನಲ್ಲಿ ಗಂಟೆಗೆ ಹೆಚ್ಚೂಕಮ್ಮಿ 2000 ಗಾಡಿ ಹೋಗಬಹುದು. ಅದು ತುಂಬುತ್ತಾ ಬಂದಾಗ ಪಕ್ಕದ ರಸ್ತೆಯಿಂದ ಹತ್ತು ಕಾರು ಒಟ್ಟಿಗೆ ನುಗ್ಗಿದವು ಅಂತಿಟ್ಟುಕೊಳ್ಳಿ. ಲೇನ್‌ನಲ್ಲಿದ್ದವನು ಸ್ವಲ್ಪ ಬ್ರೇಕ್ ಒತ್ತುತ್ತಾನೆ. ಹಿಂದಿನವನು ಇನ್ನೂ ಜೋರಾಗಿ. ಒಂದು ಕಿಲೋಮೀಟರ್ ಹಿಂದೆ ಯಾರೋ ಪೂರ್ತಿ ನಿಂತಿರುತ್ತಾನೆ, ಯಾಕೆ ಅಂತ ಅವನಿಗೇ ಗೊತ್ತಿಲ್ಲ. ಒಮ್ಮೆ ಹೀಗೆ ಕೆಟ್ಟರೆ ಆ ಜಾಗದಿಂದ ಮೊದಲಿನಷ್ಟು ಗಾಡಿ ಹೊರಗೆ ಹೋಗುವುದೇ ಇಲ್ಲ. ಅದಕ್ಕೇ ಒಂದೊಂದಾಗಿ ಬಿಡೋದು. ರಸ್ತೆಯೊಳಗೆ ಹುದುಗಿಸಿದ ತಂತಿಯ ಸುರುಳಿ ಗಾಡಿ ಎಣಿಸುತ್ತದೆ, ಅದನ್ನು ನೋಡಿ ಸಿಗ್ನಲ್ ಬೇಗವೋ ತಡವೋ ಬದಲಾಗುತ್ತದೆ. 1963ರಲ್ಲಿ ಶಿಕಾಗೋದ ಐಸೆನ್‌ಹೋವರ್ ಎಕ್ಸ್‌ಪ್ರೆಸ್‌ವೇಯಲ್ಲಿ ಶುರುವಾದಾಗ ಇದ್ಯಾವುದೂ ಇರಲಿಲ್ಲ. ಪೊಲೀಸಪ್ಪ ರ‍್ಯಾಂಪ್ ಮೇಲೆ ನಿಂತು ಒಂದೊಂದೇ ಕಾರು ಬಿಡುತ್ತಿದ್ದ!

ತೊಗರಿ ಲಾರಿ:
ಅಣ್ಣಾ, ಊರೊಳಗಿನವನು ರ‍್ಯಾಂಪ್ ಮೇಲೆ ಕಾಯಬೇಕು, ದೂರದಿಂದ ಬರೋನು ಝುಮ್ ಅಂತ ಹೋಗಬೇಕು. ಇದ್ಯಾವ ನ್ಯಾಯ?

ಹಳೇ ಸಿವಿಲ್:
ಇದೇ ಜಗಳ ಮಿನಿಯಾಪೊಲಿಸ್‌ನಲ್ಲೂ ಆಗಿತ್ತು. ಜನರ ಸಿಟ್ಟು ಜಾಸ್ತಿಯಾಗಿ 2000ನೇ ಇಸವಿಯಲ್ಲಿ ಅಲ್ಲಿಯ ಇಂಥ ಸುಮಾರು 430 ಸಿಗ್ನಲ್, ಅಂದರೆ ರ‍್ಯಾಂಪ್ ಮೀಟರ್‌ಗಳನ್ನು ಕೆಲವು ವಾರ ಆರಿಸಿಯೇ ಬಿಟ್ಟರು. ಫ್ರೀವೇಯಲ್ಲಿ ಸಾಗುವ ಗಾಡಿ ಶೇ. 9ರಷ್ಟು ಕಡಿಮೆಯಾಯಿತು, ಪ್ರಯಾಣದ ಸಮಯ ಶೇ. 22ರಷ್ಟು, ಅಪಘಾತ ಶೇ. 26ರಷ್ಟು ಏರಿತು. ವಾಪಸ್ ಹಾಕಿದರು. ಆದರೆ ನಿಮ್ಮ ಪ್ರಶ್ನೆಯನ್ನೂ ತಳ್ಳಿಹಾಕಲಿಲ್ಲ. ಕೆಲವು ಮೀಟರ್ ತೆಗೆದರು, ಊರ ರ‍್ಯಾಂಪ್‌ಗಳಲ್ಲಿ 4 ನಿಮಿಷಕ್ಕಿಂತ ಜಾಸ್ತಿ ಕಾಯಿಸಬಾರದು ಅಂತ ಮಿತಿ ಇಟ್ಟರು.

ತೊಗರಿ ಲಾರಿ:
ಇದು ಒಪ್ಪೋ ಮಾತು. ಆದ್ರೆ ನಮ್ಮ ರಿಂಗ್ ರೋಡಿಗೆ ಮೀಟರ್ ಎಲ್ಲಿ ಹಾಕ್ತೀರಿ? ರ‍್ಯಾಂಪೇ ಇಲ್ಲ. ಹೋದ ಸೋಮವಾರ ಗಂಜ್‌ನಿಂದ ತೊಗರಿ ತುಂಬ್ಕೊಂಡು ಹೊರಟೆ. ಎಡಗಡೆ ಓಣಿಯಿಂದ ಟಂಟಂ ಬಂತು, ಎದುರಿಗೆ ರಾಂಗ್ ಸೈಡಲ್ಲಿ ಮೂರು ಜನ ಕೂತ ಬೈಕು, ಡಿವೈಡರ್ ಸಂದಿಯಿಂದ ಎಮ್ಮೆ. ಎಮ್ಮೆಗೆ ಹಸಿರು ಯಾವುದು, ಕೆಂಪು ಯಾವುದು? ಹೈದರಾಬಾದ್ ಔಟರ್ ರಿಂಗ್ ರೋಡ್ ನೋಡಿ, 158 ಕಿ.ಮೀ., ಹತ್ತೋದು ಇಳಿಯೋದು ಎಲ್ಲ ಇಂಟರ್‌ಚೇಂಜ್‌ನಲ್ಲೇ. ಅಂಥ ಕಡೆ ಹಾಕಿದ್ರೆ ಅರ್ಥ ಇದೆ. ಇಲ್ಲಿ ಮೊದಲು ಆ ಡಿವೈಡರ್ ಸಂದಿಗಳನ್ನು ಮುಚ್ಚಲಿ.

ಜೇವರ್ಗಿ ರಸ್ತೆಯವ:
ಆ ಎಮ್ಮೆಯನ್ನು ನಾನೂ ನೋಡಿದ್ದೇನೆ ಅನ್ಸುತ್ತೆ. ಮಗನಿಗೆ ಫೋನ್ ಮಾಡಿ ಹೇಳಿದೆ, ನಾಳೆ ರ‍್ಯಾಂಪ್ ಮೇಲೆ ನಿಂತಾಗ ಗಡಿಯಾರ ನೋಡು, 4 ನಿಮಿಷ ದಾಟುತ್ತಾ ಅಂತ.